ಬಾಯಿಂದ ಮಂಡಿಗೆ ಎಷ್ಟು ದೂರ?

‘ಮಂಡಿ ಸವೆದಿದೆ’ ಎಂದು ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದ ಮೇಲೆ ಮನೆಗೆ ಬರುವ ಡಬ್ಬಿಗಳಲ್ಲಿ ಒಂದರ ಮೇಲಾದರೂ ‘ಗ್ಲುಕೋಸಮೈನ್ 1500 ಮಿ.ಗ್ರಾಂ’ ಎಂದಿರುತ್ತದೆ. ಅದು ದಿನಕ್ಕೆ ನುಂಗುವ ಲೆಕ್ಕ. ಮಂಡಿಗೆ ಮುಟ್ಟುವ ಲೆಕ್ಕವನ್ನು ಡಬ್ಬಿ ಹೇಳುವುದಿಲ್ಲ.

ಗ್ಲುಕೋಸಮೈನ್ ಸಕ್ಕರೆ ಜಾತಿಯದು. ಹೆಚ್ಚಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ (ಸಸ್ಯಾಹಾರಿಗಳು ಡಬ್ಬಿಯ ಹಿಂಬದಿ ಓದಿಕೊಳ್ಳುವುದು ಒಳ್ಳೆಯದು). ಅಣು ಚಿಕ್ಕದು, ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಕರುಳಿನ ಗೋಡೆಯನ್ನೂ ದಾಟುತ್ತದೆ. ಆದರೆ ಕರುಳಿನಿಂದ ಹೊರಟ ರಕ್ತ ಮೊದಲು ಹೋಗುವುದು ಲಿವರ್‌ಗೆ. ಅಲ್ಲಿ ಒಂದು ದೊಡ್ಡ ಪಾಲು ಖರ್ಚಾಗುತ್ತದೆ. 1500 ಮಿ.ಗ್ರಾಂ ನುಂಗಿದವರ ರಕ್ತದಲ್ಲಿ, ಮೂರು ಗಂಟೆ ಕಳೆದು ಮಟ್ಟ ಏರಿ ನಿಂತಾಗಲೂ ಲೀಟರಿಗೆ 2 ಮಿ.ಗ್ರಾಂ ಆಸುಪಾಸು ಸಿಕ್ಕರೆ ಹೆಚ್ಚು. ಗ್ಲುಕೋಸಮೈನ್ ಒಳ್ಳೆಯದೆಂದು ತೋರಿಸಿದ ಎಷ್ಟೋ ಪ್ರಯೋಗಗಳಲ್ಲಿ ಗಾಜಿನ ತಟ್ಟೆಯ ಜೀವಕೋಶಗಳಿಗೆ ಹಾಕಿದ್ದು ಇದರ ಹತ್ತಾರು, ನೂರಾರು ಪಟ್ಟು.

ರಕ್ತ ಸೇರಿದರೂ ಪ್ರಯಾಣ ಮುಗಿಯಲಿಲ್ಲ. ಮೂಳೆಯ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಗೆ ಸ್ವಂತ ರಕ್ತನಾಳವೇ ಇಲ್ಲ. ಕೀಲಿನ ಒಳಪೊರೆಯ ನಾಳಗಳಿಂದ ಕೀಲಿನ ದ್ರವಕ್ಕೆ, ಆ ದ್ರವದಿಂದ ಮೃದ್ವಸ್ಥಿಗೆ ಇಂಗಿಯೇ ಆಹಾರ ಬರಬೇಕು. ನಡೆಯುವಾಗ ಅದು ಸ್ಪಂಜಿನ ಹಾಗೆ ಒತ್ತಿಕೊಂಡು ಬಿಟ್ಟುಕೊಂಡು ದ್ರವವನ್ನು ಹೀರುತ್ತದೆ. ಮಂಡಿ ನೋವೆಂದು ದಿನವಿಡೀ ಕುರ್ಚಿ ಬಿಟ್ಟೇಳದವರ ಮಾತ್ರೆಗೆ ಈ ಕೊನೆಯ ಹಾದಿ ಇನ್ನಷ್ಟು ದುರ್ಗಮ.

ಡಬ್ಬಿಯಲ್ಲಿ ಗ್ಲುಕೋಸಮೈನ್‌ನ ಜೊತೆಗಾರ ಕಾಂಡ್ರಾಯ್ಟಿನ್‌ದು ಭಾರೀ ಅಣು. ಬಹುಪಾಲು ಸಣ್ಣ ಕರುಳಿನಲ್ಲಿ ಹೀರಲ್ಪಡದೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಕೊಲಾಜೆನ್ ಪುಡಿಯೂ ಕೊಲಾಜೆನ್ ಆಗಿಯೇ ಮಂಡಿಗೆ ಹೋಗುವುದಿಲ್ಲ. ಬೇಳೆ, ಮೊಟ್ಟೆಯ ಪ್ರೋಟೀನಿನಂತೆ ಅದೂ ತುಂಡಾಗುತ್ತದೆ. ಎರಡು ಮೂರು ಅಮೈನೋ ಆಮ್ಲ ಜೋಡಿಸಿಕೊಂಡ ಕೆಲವು ಚೂರುಗಳು ಮಾತ್ರ ಹಾಗೇ ರಕ್ತಕ್ಕಿಳಿಯುತ್ತವೆ.

ಅಮೆರಿಕದಲ್ಲಿ ಮಂಡಿ ನೋವಿನ 1583 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಒಟ್ಟಾರೆ ನೋಡಿದರೆ ಗ್ಲುಕೋಸಮೈನ್, ಕಾಂಡ್ರಾಯ್ಟಿನ್‌ಗಳು ಹುಸಿಮಾತ್ರೆಯನ್ನು ಗಮನಾರ್ಹವಾಗಿ ಮೀರಿಸಲಿಲ್ಲ. ಹುಸಿಮಾತ್ರೆ ನುಂಗಿದವರಲ್ಲೇ ನೂರಕ್ಕೆ 60 ಮಂದಿಗೆ ನೋವು ಇಳಿದಿತ್ತು! ಪಕ್ಕದ ಮನೆಯವರ ‘ನನಗೆ ಗುಣವಾಯಿತು’ ಎಂಬ ಮಾತು ಸುಳ್ಳಲ್ಲ, ಪುರಾವೆಯೂ ಅಲ್ಲ.

ಹೀರಿಕೆಯ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಮಂಡಿ ನೋವಿಗೆಂದು ನುಂಗುವ ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗದು; ಕರುಳು ದಾಟಿದ ಚೂರುಪಾರಿಗೂ ಕರುಳಿನ ಗೋಡೆ, ಲಿವರ್‌ಗಳು ಒಂದು ಬಾಲ ಅಂಟಿಸಿ ಬೇಗ ಹೊರಗೆ ಕಳಿಸುತ್ತವೆ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದರು. ರಕ್ತದಲ್ಲಿ ಅದು ಸಿಕ್ಕಿದ್ದು ಇದ್ದೂ ಇಲ್ಲದಷ್ಟು. ಕಾಳುಮೆಣಸಿನ ಪಿಪರಿನ್ 20 ಮಿ.ಗ್ರಾಂ ಸೇರಿಸಿದಾಗ ಹೀರಿಕೆ ಶೇ 2000ರಷ್ಟು ಏರಿತು. ಇಂದು ಅರಿಶಿನದ ಮಾತ್ರೆಗಳಲ್ಲಿ ಮೆಣಸಿನ ಸಾರ ಇರುವುದು ಇದೇ ಲೆಕ್ಕಾಚಾರದ ಮೇಲೆ.

ಅಂಕಿ ದೊಡ್ಡದೇ, ಆದರೆ ಮೂಲ ಬಂಡವಾಳ ಸೊನ್ನೆಯ ಹತ್ತಿರ ಇತ್ತೆಂಬುದನ್ನು ಮರೆಯಬಾರದು. ಅಳೆದದ್ದು ರಕ್ತವನ್ನು, ಮಂಡಿಯನ್ನಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ನೂರಕ್ಕೆ 3ರಷ್ಟು ಎಂದಿಟ್ಟುಕೊಂಡರೂ 2 ಗ್ರಾಂಗೆ 60 ಗ್ರಾಂ ಮಿಕ್ಕ ಪುಡಿ ಬೇಕು. ಅರಿಶಿನ ಹಾಲಿಗೆ ಬೀಳುವ ಅರ್ಧ ಚಮಚಕ್ಕೆ ಈ ಲೆಕ್ಕ ಅನ್ವಯಿಸದು.

ಇನ್ನೊಂದು ಮಾತು. ಪಿಪರಿನ್ ಕೆಲಸ ಮಾಡುವುದು ಲಿವರ್ ಮತ್ತು ಕರುಳಿನ ಕಿಣ್ವಗಳ ಕೈ ಕಟ್ಟಿ. ಬೇರೆ ಔಷಧಿಗಳನ್ನು ಕರಗಿಸಿ ಹೊರಹಾಕುವುದೂ ಅವೇ ಕಿಣ್ವಗಳು. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯ್ನ್ ಮಟ್ಟ ಪಿಪರಿನ್‌ನಿಂದ ರಕ್ತದಲ್ಲಿ ಏರಿದ್ದನ್ನು ಅಧ್ಯಯನಗಳು ಕಂಡಿವೆ. ಗ್ಲುಕೋಸಮೈನ್ ಕೂಡ, ರಕ್ತ ಹೆಪ್ಪುಗಟ್ಟದಿರಲು ಕೊಡುವ ವಾರ್ಫರಿನ್ ಪರಿಣಾಮವನ್ನು ಹೆಚ್ಚಿಸಿದ ವರದಿಗಳಿವೆ. ಡಾಕ್ಟರು ‘ಬೇರೇನು ತೊಗೋತಿದ್ದೀರಿ?’ ಎಂದು ಕೇಳಿದಾಗ ಈ ಡಬ್ಬಿಗಳ ಹೆಸರನ್ನೂ ಹೇಳಬೇಕಾದದ್ದು ಅದಕ್ಕೇ.