ಅಬ್ಬರದೊಳಗೊಂದು ಅಳಲು

ರಾಕ್ ಸಂಗೀತ ಎಂದೊಡನೆ ನಿಮಗೇನು ನೆನಪಾಗುತ್ತದೆ? ಉದ್ದ ಕೂದಲಿನ ಗಂಡಸರು, ಕಿವಿಗಡಚಿಕ್ಕುವ ಡ್ರಮ್ಮು, ‘ಸಾಕಪ್ಪಾ ಸಾಕು’ ಎನಿಸುವ ಕಿರುಚಾಟ, ಅಲ್ಲವೇ? ಆದರೆ ಆ ಗದ್ದಲದವರೇ ಹಾಡಿದ, ಗದ್ದಲ ಒಲ್ಲದವರೂ ಮೆಚ್ಚಿದ ಹಾಡುಗಳಿವೆ. ಅವಕ್ಕೆ ಪವರ್ ಬ್ಯಾಲಡ್ ಎಂದು ಹೆಸರು.

ದಿನಾ ಹಾಲು ಕಾಯಿಸುವ ನಮಗೆ ಇದರ ನಡೆ ಹೊಸದೇನಲ್ಲ. ಮೊದಲು ಪಿಯಾನೋ ಇಲ್ಲವೇ ಗಿಟಾರಿನ ಮೆಲುದನಿ, ಕಿವಿಯಲ್ಲಿ ಹೇಳಿದಂಥ ಮಾತು. ಬರಬರುತ್ತಾ ಡ್ರಮ್ಮು ಸೇರಿ ಸ್ವರ ಏರುತ್ತದೆ. ಪಲ್ಲವಿಗೆ ಬರುವಷ್ಟರಲ್ಲಿ ಅದುಮಿಟ್ಟದ್ದೆಲ್ಲ ಉಕ್ಕಿ ಚೆಲ್ಲುತ್ತದೆ!

1980ರ ದಶಕ ಇವುಗಳ ಸುಗ್ಗಿ. ಜರ್ನಿ ತಂಡದ ‘ಓಪನ್ ಆರ್ಮ್ಸ್’ 1982ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯದಾಯಿತು. ಅಳುವ ಗಂಡಸನ್ನು ನಂಬಬಾರದು ಅಂತಾರೆ ನಮ್ಮಲ್ಲಿ. ಚರ್ಮದ ಜಾಕೆಟ್ಟಿನ ಗಂಡಸರು ಸಾವಿರಾರು ಜನರೆದುರು ತಮ್ಮ ನೋವು ಹಾಡಿಕೊಂಡಾಗ, ಅಲ್ಲಿನ ಜನ ನಂಬಿದರು.

ಹೆಂಗಸರೂ ಹಿಂದೆ ಬೀಳಲಿಲ್ಲ. ವೇಲ್ಸ್‌ನ ಬಾನಿ ಟೈಲರ್‌ಗೆ 1970ರ ದಶಕದಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಸ್ವರ ಒಡೆಯಿತು. ಹಾಡುಗಾರ್ತಿಗೆ ಇನ್ನೇನುಳಿಯಿತು ಅಂತೀರಾ? ಆ ಒಡಕು ದನಿಯ ‘ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್’ 1983ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. 2017ರ ಆಗಸ್ಟ್‌ನಲ್ಲಿ ಸೂರ್ಯಗ್ರಹಣವಾದ ದಿನ ಆಕೆ ಅದನ್ನೇ ಹಡಗಿನ ಮೇಲೆ ಹಾಡಿದರು.

ನುಂಗಿಕೊಂಡ ಮಾತು ಯಾರ ಎದೆಯಲ್ಲಿಲ್ಲ ಹೇಳಿ? ಅದು ಇನ್ನೊಬ್ಬರ ಬಾಯಲ್ಲಿ ಗಟ್ಟಿಯಾಗಿ ಹೊರಬಂದರೆ ನಮಗೂ ಹಗುರ. ಈ ಹಾಡುಗಳನ್ನು ಜನ ಬಿಡದಿರುವುದು ಅದಕ್ಕೇ.

ಮಗಳೋ ಮಗನೋ ಕದ ಮುಚ್ಚಿಕೊಂಡು ಇಂಥದ್ದನ್ನು ಕೇಳುತ್ತಿದ್ದರೆ, ‘ಆ ಗಲಾಟೆ ನಿಲ್ಸು’ ಅನ್ನುವ ಮೊದಲು ಪಕ್ಕದಲ್ಲಿ ಕೂತು ಒಂದು ಹಾಡು ಕೇಳಿ. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ಚಿಂತೆಯಿಲ್ಲ. ಮಕ್ಕಳು ನಿಮ್ಮೊಡನೆ ಆಡಲಾರದ ಮಾತು ಅದರಲ್ಲಿರಬಹುದು.