ಮನೆಯಂಗಳದಲ್ಲಿ ಕಟ್ಟಿದ ಕಾರು: ಮೊದಲ ಓಟಕ್ಕೆ ಮುನ್ನ ನೋಡಬೇಕಾದ ಲೆಕ್ಕಗಳು

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬಿಣದ ಕೆಲಸ ಹೊಸದಲ್ಲ. ಕಬ್ಬಿನ ಹಂಗಾಮು ಬಂದಿತೆಂದರೆ ಟ್ರೇಲರ್ ದುರಸ್ತಿ, ನೇಗಿಲು-ಕುಂಟೆಗಳ ತಯಾರಿ, ಸಕ್ಕರೆ ಕಾರ್ಖಾನೆಗಳ ಬಿಡಿಕೆಲಸ ಇವೆಲ್ಲ ಇಲ್ಲಿನ ಸಣ್ಣ ವರ್ಕ್‌ಶಾಪುಗಳಿಗೆ ಅನ್ನ ನೀಡುತ್ತವೆ. ಬೆಸುಗೆ, ಲೇತ್, ಬಣ್ಣದ ಕೆಲಸ ಬಲ್ಲವರಿಗೆ ಇಲ್ಲಿ ಕೊರತೆಯಿಲ್ಲ. ಇಂತಹ ಕೈಗಳಿಗೆ ಗುಜರಿಯಿಂದ ತಂದ ಒಂದು ಇಂಜಿನ್, ಒಂದು ಗೇರ್ ಬಾಕ್ಸ್ ಹಾಗೂ ನಾಲ್ಕು ಚಕ್ರಗಳು ದೊರೆತರೆ ವಿದೇಶಿ ಸ್ಪೋರ್ಟ್ಸ್ ಕಾರಿನ ಹೋಲಿಕೆಯ ಗಾಡಿಯೊಂದನ್ನು ಕಟ್ಟುವ ಆಸೆ ಹುಟ್ಟುವುದು ಸಹಜವೇ ಆಗಿದೆ. ಆದರೆ ಕಟ್ಟುವ ಜಾಣ್ಮೆ ಬೇರೆ, ಕಟ್ಟಿದ್ದನ್ನು ರಸ್ತೆಗೆ ಇಳಿಸುವ ಹಕ್ಕು ಬೇರೆ. ಈ ಎರಡರ ನಡುವಿನ ಅಂತರವನ್ನು ಅರಿಯದೆ ಹೂಡಿದ ಹಣ ಹಾಗೂ ಶ್ರಮ ಎರಡೂ ನಷ್ಟವಾಗುವ ಸಂಭವವಿದೆ.

ದೇವರಾಷ್ಟ್ರೆಯ ಉದಾಹರಣೆ

ಈ ಮಾತಿಗೆ ನೆರೆಯ ಸಾಂಗ್ಲಿ ಜಿಲ್ಲೆಯಲ್ಲಿಯೇ ಒಳ್ಳೆಯ ನಿದರ್ಶನವಿದೆ. ಕಡೇಗಾಂವ ತಾಲ್ಲೂಕಿನ ದೇವರಾಷ್ಟ್ರೆ ಗ್ರಾಮದ ಕಮ್ಮಾರರಾದ ದತ್ತಾತ್ರೇಯ ಲೋಹಾರ ಅವರು ಹಳೆಯ ವಾಹನಗಳ ಬಿಡಿಭಾಗಗಳನ್ನು ಕೂಡಿಸಿ, ಸುಮಾರು ರೂ. 60,000 ವೆಚ್ಚದಲ್ಲಿ ಮಗನ ಆಸೆಗಾಗಿ ಜೀಪಿನ ಹೋಲಿಕೆಯ ಪುಟ್ಟ ನಾಲ್ಕು ಚಕ್ರದ ಗಾಡಿಯನ್ನು ನಿರ್ಮಿಸಿದರು. ದ್ವಿಚಕ್ರ ವಾಹನದಂತೆ ಕಾಲಿನಿಂದ ಒದ್ದು ಚಾಲೂ ಮಾಡುವ ವ್ಯವಸ್ಥೆ ಅದರಲ್ಲಿತ್ತು. 2021ರ ಡಿಸೆಂಬರಿನಲ್ಲಿ ಈ ಗಾಡಿಯ ದೃಶ್ಯ ದೇಶದಾದ್ಯಂತ ಪ್ರಚಾರ ಪಡೆಯಿತು. ಉದ್ಯಮಿ ಆನಂದ ಮಹೀಂದ್ರಾ ಅವರು ಲೋಹಾರರ ಕೌಶಲವನ್ನು ಮುಕ್ತಕಂಠದಿಂದ ಮೆಚ್ಚಿದರು. ಜೊತೆಗೇ, ಈ ಗಾಡಿ ಯಾವ ನಿಯಮಕ್ಕೂ ಒಳಪಡದಿರುವುದರಿಂದ ಸ್ಥಳೀಯ ಅಧಿಕಾರಿಗಳು ಇಂದಲ್ಲ ನಾಳೆ ಅದನ್ನು ತಡೆಯುವರೆಂದು ಸ್ಪಷ್ಟವಾಗಿ ಹೇಳಿ, ಅದಕ್ಕೆ ಬದಲಾಗಿ ಬೊಲೆರೊ ವಾಹನ ನೀಡುವುದಾಗಿ ತಿಳಿಸಿದರು. 2022ರ ಜನವರಿಯಲ್ಲಿ ಆ ಕುಟುಂಬಕ್ಕೆ ಹೊಸ ಬೊಲೆರೊ ದೊರೆಯಿತು. ಲೋಹಾರರ ಗಾಡಿಯನ್ನು ಮಹೀಂದ್ರಾ ಸಂಸ್ಥೆಯು ತನ್ನ ಸಂಶೋಧನಾ ಕೇಂದ್ರದ ಸಂಗ್ರಹಕ್ಕೆ ತೆಗೆದುಕೊಂಡಿತು.

ಈ ಪ್ರಕರಣ ಸುಖಾಂತ್ಯ ಕಂಡಿತು. ಆದರೆ ಪ್ರತಿಯೊಬ್ಬ ಕುಶಲಕರ್ಮಿಗೂ ಗಾಡಿ ಬದಲಿಸಿಕೊಡುವ ದಾತರು ದೊರೆಯುವುದಿಲ್ಲ. ಮೆಚ್ಚುಗೆಯ ಜೊತೆಗೇ ಬಂದ ಆ ಎಚ್ಚರಿಕೆಯ ಮಾತೇ ಸಣ್ಣ ತಯಾರಕರು ನೆನಪಿಡಬೇಕಾದ ಅಂಶ.

ತೆರಿಗೆಯಿಂದ ಬೆಳೆದ ಹವ್ಯಾಸ

ಮನೆಯಲ್ಲಿಯೇ ಕಾರು ಕಟ್ಟುವ ಹವ್ಯಾಸಕ್ಕೆ ಬ್ರಿಟನ್ ತವರುಮನೆ ಇದ್ದಂತೆ. ಕಾಲಿನ್ ಚಾಪ್‌ಮನ್ ಅವರು 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಆಧಾರವಾಗಿರಿಸಿಕೊಂಡು ಲಂಡನ್ನಿನ ಸಣ್ಣ ಗ್ಯಾರೇಜಿನಲ್ಲಿ ತಮ್ಮ ಮೊದಲ ಕಾರನ್ನು ಕಟ್ಟಿದರು. ಅವರ ಲೋಟಸ್ ಸಂಸ್ಥೆಯು 1957ರಲ್ಲಿ 'ಸೆವೆನ್' ಎಂಬ ಹಗುರವಾದ ಎರಡು ಆಸನಗಳ ಕಾರನ್ನು ಹೊರತಂದಿತು. ಅಂದು ಬ್ರಿಟನ್ನಿನಲ್ಲಿ ಪೂರ್ಣ ತಯಾರಾದ ಕಾರಿನ ಮೇಲೆ ಖರೀದಿ ತೆರಿಗೆಯ ಭಾರವಿತ್ತು. ಗ್ರಾಹಕನು ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿಕೊಂಡರೆ ಆ ಹೊರೆ ಇರಲಿಲ್ಲ. ಆದ್ದರಿಂದ 'ಸೆವೆನ್' ಕಾರು ಬಿಡಿಭಾಗಗಳ ಪೆಟ್ಟಿಗೆಯಾಗಿಯೇ ಬಹುವಾಗಿ ಮಾರಾಟವಾಯಿತು. 1973ರಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಆ ಅನುಕೂಲ ಕೊನೆಗೊಂಡಿತು. ಅದೇ ವರ್ಷ 'ಸೆವೆನ್' ಮಾದರಿಯ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹಸ್ತಾಂತರವಾಯಿತು. ತೆರಿಗೆಯ ಒಂದು ಸಂದು ಒಂದು ಉದ್ದಿಮೆಯನ್ನೇ ಬೆಳೆಸಿದ್ದಕ್ಕೆ ಇದಕ್ಕಿಂತ ಸ್ವಾರಸ್ಯಕರ ಉದಾಹರಣೆ ಅಪರೂಪ.

ಬ್ರಿಟನ್ನಿನಲ್ಲಿ ಹವ್ಯಾಸಿಯು ಕಟ್ಟಿದ ಒಂದೇ ಒಂದು ಕಾರನ್ನೂ ಪ್ರತ್ಯೇಕವಾಗಿ ತಪಾಸಣೆ ಮಾಡಿ ಒಪ್ಪಿಗೆ ನೀಡುವ ಪದ್ಧತಿ ಇದೆ. ಅಮೆರಿಕವು 2015ರ ಕಾಯಿದೆಯ ಮೂಲಕ, ಕನಿಷ್ಠ 25 ವರ್ಷ ಹಳೆಯ ಮಾದರಿಗಳ ಪ್ರತಿಕೃತಿಗಳನ್ನು ವರ್ಷಕ್ಕೆ 325ರವರೆಗೆ ತಯಾರಿಸಲು ಸಣ್ಣ ತಯಾರಕರಿಗೆ ಅವಕಾಶ ಕಲ್ಪಿಸಿತು. ಭಾರತದ ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರಲ್ಲಿ ಹವ್ಯಾಸಿಯ ಒಂಟಿ ಕಾರಿಗೆಂದು ಇಂತಹ ಸರಳ ವರ್ಗವಿಲ್ಲ. ಸಮಸ್ಯೆಯ ಮೂಲ ಇದೇ ಆಗಿದೆ.

ನಮ್ಮ ದೇಶದಲ್ಲಿ ಸಣ್ಣ ಪ್ರಮಾಣದ ಸ್ಪೋರ್ಟ್ಸ್ ಕಾರುಗಳ ಯತ್ನ ನಡೆದೇ ಇಲ್ಲವೆಂದಲ್ಲ. ಬೆಳಗಾವಿಗೆ ಸಮೀಪದ ಗೋವೆಯಲ್ಲಿ ತಯಾರಾದ 'ಸ್ಯಾನ್ ಸ್ಟಾರ್ಮ್' ಕಾರಿಗೆ ಫೈಬರ್ ಗ್ಲಾಸಿನ ಮೈ ಹಾಗೂ ರೆನೋ ಸಂಸ್ಥೆಯ 1,149 ಸಿ.ಸಿ. ಇಂಜಿನ್ ಇದ್ದವು. ಅಲಿಬಾಗಿನ ಚಿಂಕಾರಾ ಮೋಟಾರ್ಸ್ ಸಂಸ್ಥೆಯು ಲೋಟಸ್ ಸೆವೆನ್ ಹೋಲಿಕೆಯ 'ರೋಡ್‌ಸ್ಟರ್' ಕಾರಿಗೆ ಇಸುಜು 1.8 ಲೀಟರ್ ಇಂಜಿನ್ ಅಳವಡಿಸಿತು. ಇವು ಮನೆಯಂಗಳದ ಆಟಿಕೆಗಳಲ್ಲ, ತಯಾರಕರೆಂದು ಮುಂದೆ ಬಂದ ಸಂಸ್ಥೆಗಳ ಉತ್ಪನ್ನಗಳು ಎಂಬುದು ಗಮನಾರ್ಹ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನಗಳ ಕಾಯಿದೆ, 1988ರ ಈ ಕೆಳಗಿನ ಅಂಶಗಳನ್ನು ಮೊದಲ ಕಬ್ಬಿಣದ ತುಂಡು ಕತ್ತರಿಸುವ ಮುನ್ನವೇ ತಿಳಿದಿರುವುದು ಒಳಿತು.

1. ಕಲಂ 39ರ ಮೇರೆಗೆ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಾಗಲಿ ಇತರ ಯಾವುದೇ ಸ್ಥಳದಲ್ಲಾಗಲಿ ಓಡಿಸುವಂತಿಲ್ಲ. "ನಮ್ಮ ಹೊಲದ ಹಾದಿ, ಕೇಳುವವರಾರು?" ಎಂಬ ಸಮಜಾಯಿಷಿಗೆ ಕಾಯಿದೆಯ ಶಬ್ದಗಳಲ್ಲಿ ಆಸರೆ ಇಲ್ಲ. ಕಾರ್ಖಾನೆ ಅಥವಾ ಇತರ ಆವರಣದೊಳಗೆ ಮಾತ್ರ ಬಳಸಲೆಂದೇ ವಿಶೇಷವಾಗಿ ರೂಪಿಸಿದ ವಾಹನವನ್ನು ಕಲಂ 2(28)ರ ವ್ಯಾಖ್ಯೆಯೇ ಹೊರಗಿಟ್ಟಿದೆ.

2. ನಿಯಮ 126ರಂತೆ ತಯಾರಕನು ತನ್ನ ವಾಹನದ ಮೂಲಮಾದರಿಯನ್ನು ಪುಣೆಯ ಎ.ಆರ್.ಎ.ಐ.ನಂತಹ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಹೊಗೆ ಮಾನದಂಡ ಜಾರಿಯಲ್ಲಿರುವುದರಿಂದ ಗುಜರಿಯ ಹಳೆಯ ಇಂಜಿನ್ ಹೊಸ ವಾಹನವಾಗಿ ಈ ಪರೀಕ್ಷೆ ದಾಟುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು.

3. "ಹಳೆಯ ಕಾರಿನ ಆರ್.ಸಿ. ಇದ್ದೇ ಇದೆ, ಮೈ ಮಾತ್ರ ಬದಲಿಸಿದ್ದೇವೆ" ಎಂಬ ವಾದವೂ ನಿಲ್ಲುವುದಿಲ್ಲ. ತಯಾರಕನು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂಬ ಕಲಂ 52ರ ನಿರ್ಬಂಧವನ್ನು, ಕೇರಳದಿಂದ ಬಂದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಎತ್ತಿಹಿಡಿದಿದೆ.

4. 2019ರ ತಿದ್ದುಪಡಿಯಿಂದ ಸೇರಿದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗಾಗಿ ಮಾಲೀಕನಿಗೆ ಆರು ತಿಂಗಳವರೆಗೆ ಕಾರಾವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಇಲ್ಲವೆ ಎರಡೂ ವಿಧಿಸಬಹುದು. ನಿಯಮಬಾಹಿರ ವಾಹನ ಮಾರುವ ತಯಾರಕ ಅಥವಾ ವ್ಯಾಪಾರಿಗೆ ಪ್ರತಿ ವಾಹನಕ್ಕೆ ರೂ. 1 ಲಕ್ಷ ದಂಡ, ಒಂದು ವರ್ಷದವರೆಗಿನ ಕಾರಾವಾಸದ ಶಿಕ್ಷೆ ಇದೆ.

ಕಲಂ 2(28)ರ ವ್ಯಾಖ್ಯೆಯಲ್ಲಿ ಟ್ರೇಲರ್ ಸಹ 'ಮೋಟಾರು ವಾಹನ'ವೇ ಆಗಿದೆ. ಸ್ಪೋರ್ಟ್ಸ್ ಕಾರಿನ ಗೊಡವೆಯೇ ಬೇಡವೆನ್ನುವ ಟ್ರೇಲರ್ ತಯಾರಕರೂ ಈ ಭಾಗವನ್ನು ಇನ್ನೊಮ್ಮೆ ಓದಿಕೊಳ್ಳುವುದು ಹಿತಕರ.

ಇದಲ್ಲದೆ ವಿನ್ಯಾಸದ ಹಕ್ಕಿನ ಪ್ರಶ್ನೆಯೂ ಇದೆ. ಭಾರತದಲ್ಲಿ ವಿನ್ಯಾಸಗಳ ಕಾಯಿದೆ, 2000ರ ಅಡಿ ನೋಂದಾಯಿತ ವಿನ್ಯಾಸಕ್ಕೆ ಮೊದಲು 10 ವರ್ಷ, ವಿಸ್ತರಿಸಿದರೆ ಒಟ್ಟು 15 ವರ್ಷ ರಕ್ಷಣೆ ಇರುತ್ತದೆ. ಪ್ರಸಿದ್ಧ ಕಂಪನಿಯ ಲಾಂಛನವನ್ನು ಮೂತಿಗೆ ಅಂಟಿಸಿ ಮಾರುವುದು ವ್ಯಾಪಾರ ಚಿಹ್ನೆಗಳ ಕಾಯಿದೆ, 1999ರಂತೆ ಶಿಕ್ಷಾರ್ಹ. ಅಮೆರಿಕದಲ್ಲಿ ಫೆರಾರಿ ಹೋಲಿಕೆಯ ಫೈಬರ್ ಗ್ಲಾಸ್ ಮೈಗಳನ್ನು ಮಾರುತ್ತಿದ್ದ ತಯಾರಕನ ವಿರುದ್ಧ 1991ರಲ್ಲಿ ಫೆರಾರಿ ಸಂಸ್ಥೆಯೇ ಮೇಲ್ಮನವಿ ನ್ಯಾಯಾಲಯದಲ್ಲಿ ಜಯ ಗಳಿಸಿತು.

ಮೊದಲ ಓಟದ ತಪಾಸಣೆ

ಆವರಣದೊಳಗಿನ ಬಳಕೆಗೆಂದೇ ಗಾಡಿ ಕಟ್ಟಿದರೂ ಜೀವದ ಸುರಕ್ಷತೆಗೆ ರಿಯಾಯಿತಿ ಇಲ್ಲ. ಬಣ್ಣ ಬಳಿದು ಸಿಂಗರಿಸುವ ಉತ್ಸಾಹದಲ್ಲಿ ಕೊನೆಯ ಹಂತದ ತಪಾಸಣೆಯನ್ನು ಅವಸರದಲ್ಲಿ ಮುಗಿಸಬಾರದು.

ಮೊದಲಿಗೆ ಇಂಜಿನ್. ಬಹುಕಾಲ ನಿಂತ ಇಂಜಿನ್ನಿನ ಬೇರಿಂಗುಗಳಲ್ಲಿ ಎಣ್ಣೆ ಉಳಿದಿರುವುದಿಲ್ಲ. ಆದ್ದರಿಂದ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಎಣ್ಣೆಯ ಒತ್ತಡ ಮಾಪಕದಲ್ಲಿ ಕಾಣುವವರೆಗೆ ಸ್ಟಾರ್ಟರಿನಿಂದ ಇಂಜಿನ್ನನ್ನು ತಿರುಗಿಸಿ, ಆ ಬಳಿಕವೇ ಚಾಲೂ ಮಾಡಬೇಕು. ಆಕ್ಸಿಲರೇಟರ್ ಬಿಟ್ಟೊಡನೆ ಅದು ತಾನಾಗಿ ಹಿಂದಕ್ಕೆ ಬರುವುದೇ ಎಂಬುದನ್ನು ಇಂಜಿನ್ ಬಂದಾಗಿರುವಾಗಲೇ ಹತ್ತು ಸಲ ಒತ್ತಿ ನೋಡಬೇಕು.

ಎರಡನೆಯದು ಬ್ರೇಕ್. ನಳಿಕೆಗಳ ಗಾಳಿ ಪೂರ್ತಿ ತೆಗೆದ ನಂತರ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದಾಗ ಅದು ಕೆಳಗಿಳಿಯಬಾರದು. ಇಲ್ಲಿ ಒಂದು ಸೂಕ್ಷ್ಮವಿದೆ: ಗುಜರಿಯ ಕಾರಿನ ಬ್ರೇಕುಗಳು ಆ ಕಾರಿನ ತೂಕಕ್ಕೆ ಹೊಂದಿದಂಥವು. ಹಗುರವಾದ ಹೊಸ ಗಾಡಿಯಲ್ಲಿ ಹಿಂದಿನ ಚಕ್ರಗಳೇ ಮೊದಲು ಬಿಗಿದುಕೊಂಡರೆ ಗಾಡಿ ಗಿರಕಿ ಹೊಡೆಯುತ್ತದೆ. ಆದ್ದರಿಂದ ಮುಂದಿನ ಚಕ್ರಗಳು ಮೊದಲು ಹಿಡಿಯುವಂತೆ ಹೊಂದಿಸಬೇಕು.

ಮೂರನೆಯದು ವಿದ್ಯುತ್. ತಗಡಿನ ಮೈಯೇ ಅರ್ಥಿಂಗ್ ತಂತಿಯಂತೆ ಕೆಲಸ ಮಾಡುತ್ತದೆ. ಫೈಬರ್ ಗ್ಲಾಸಿನಲ್ಲಿ ವಿದ್ಯುತ್ ಹರಿಯದು. ಪ್ರತಿ ದೀಪಕ್ಕೂ ಮರಳುವ ತಂತಿ ಬೇಕು, ಇಂಜಿನ್ನಿನಿಂದ ಚಾಸಿಗೆ ದಪ್ಪ ಪಟ್ಟಿ ಬೇಕು. ಬೆಸುಗೆ ಬಲ್ಲ ಆದರೆ ವೈರಿಂಗಿಗೆ ಹೊಸಬರಾದವರು ಎಡವುವುದು ಇಲ್ಲಿಯೇ.

ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿದಾಗ ಬ್ರೇಕ್ ನಳಿಕೆಯಾಗಲಿ ತಂತಿಯಾಗಲಿ ಚಕ್ರಕ್ಕೆ ತಾಗಬಾರದು. ಬೆಂಕಿ ನಂದಿಸುವ ಉಪಕರಣ ಹಾಗೂ ಇಂಧನ-ವಿದ್ಯುತ್ ಕಡಿತದ ಸ್ವಿಚ್ ಕೈಗೆಟಕುವಂತಿರಬೇಕು. ಮೊದಲ ಓಟವೆಂದರೆ ಹತ್ತು ಮೀಟರ್ ಮಾತ್ರ: ಮೊದಲ ಗೇರಿನಲ್ಲಿ ಚಲಿಸಿ, ನಿಲ್ಲಿಸಿ, ಕೆಳಗೆ ಸೋರಿಕೆ ನೋಡಬೇಕು. ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳಿಂದ ಆರಂಭಿಸಿ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿಮಾಡಬೇಕು.

ಲೆಕ್ಕಪುಸ್ತಕದ ನೋಟ

ಹವ್ಯಾಸದ ಗಾಡಿಯ ವೆಚ್ಚವನ್ನು ಬಿಡಿಭಾಗಗಳ ಬಿಲ್ಲುಗಳಿಂದ ಮಾತ್ರ ಅಳೆಯುವುದು ವಾಡಿಕೆ. ವಾರಕ್ಕೆ 10 ಗಂಟೆಯಂತೆ ಎರಡು ವರ್ಷ ದುಡಿದರೆ ಸುಮಾರು 1,000 ಗಂಟೆಗಳಾಗುತ್ತವೆ. ಗಂಟೆಗೆ ರೂ. 150ರಂತೆ ಹಿಡಿದರೂ ಶ್ರಮದ ಬೆಲೆ ರೂ. 1.5 ಲಕ್ಷ. ನೋಂದಣಿ ಆಗದ ಗಾಡಿಗೆ ಮಾರಾಟ ಬೆಲೆಯಿಲ್ಲ, ಕಡ್ಡಾಯ ವಿಮೆ ದೊರೆಯದು, ಅದನ್ನು ಅಡವಿಟ್ಟು ಸಾಲ ಪಡೆಯಲೂ ಬಾರದು. ಅಂದರೆ ಆಸ್ತಿಯ ಕಡೆ ಬರೆಯಬೇಕಾದದ್ದು ಗುಜರಿಯ ಬೆಲೆ ಮಾತ್ರ.

ವರ್ಕ್‌ಶಾಪ್ ಮಾಲೀಕರು ಇನ್ನೂ ಒಂದು ಎಚ್ಚರ ವಹಿಸಬೇಕು. ವ್ಯಾಪಾರಕ್ಕೆಂದು ತಂದ ಉಕ್ಕಿನ ನಳಿಗೆ, ಬಣ್ಣ, ಬೆಸುಗೆ ಕಡ್ಡಿಗಳನ್ನು ಮನೆಯ ಕಾರಿಗೆ ಬಳಸಿದರೆ ಅದು ಸ್ವಂತ ಬಳಕೆ. ಅಂತಹ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ ಕಲಂ 17(5) ತಡೆಹಿಡಿಯುತ್ತದೆ. ರೂ. 1 ಲಕ್ಷದ ಉಕ್ಕಿಗೆ ಶೇ. 18ರಂತೆ ರೂ. 18,000 ಜಮೆ ಪಡೆದಿದ್ದರೆ ಅದನ್ನು ಹಿಂದಿರುಗಿಸಬೇಕು. ಆದಾಯ ತೆರಿಗೆಯಲ್ಲಿಯೂ ಸ್ವಂತ ಖರ್ಚು ವ್ಯಾಪಾರದ ಖರ್ಚಾಗದು. ಅದನ್ನು ಮಾಲೀಕರ ಹಿಂತೆಗೆತವೆಂದೇ ಬರೆಯಬೇಕು. ಗುಜರಿ ಇಂಜಿನ್ ಕೊಳ್ಳುವಾಗ ಬಿಲ್ಲು ಪಡೆದು, ಇಂಜಿನ್ ಹಾಗೂ ಚಾಸಿ ಸಂಖ್ಯೆ ಬರೆದಿಟ್ಟುಕೊಳ್ಳುವುದು ಕಳವಿನ ಮಾಲಿನ ಆರೋಪದಿಂದ ಪಾರುಮಾಡುತ್ತದೆ.

ತೆರೆದಿರುವ ದಾರಿಗಳು

ಹಾಗಾದರೆ ಈ ಕೌಶಲಕ್ಕೆ ದಾರಿಯೇ ಇಲ್ಲವೇ? ಇದೆ. 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರ ನಿಯಮದಂತೆ 'ವಿಂಟೇಜ್' ನೋಂದಣಿ ಲಭ್ಯ. ಅವನ್ನು ದಿನಬಳಕೆಗೆ ಓಡಿಸುವಂತಿಲ್ಲವಾದರೂ ಪ್ರದರ್ಶನ ಹಾಗೂ ರ‍್ಯಾಲಿಗಳಿಗೆ ಒಯ್ಯಬಹುದು. ಪ್ರತಿಕೃತಿ ಕಟ್ಟುವ ಬದಲು ಹಳೆಯ ಅಸಲಿ ಕಾರನ್ನು ನೇರ್ಪುಗೊಳಿಸುವ ಕೆಲಸಕ್ಕೆ ಇದರಿಂದ ಬೆಲೆ ಬಂದಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಬಾಹಾ ಹಾಗೂ ಸುಪ್ರಾ ಸ್ಪರ್ಧೆಗಳಿಗೆ ತಂಡಗಳು ಪ್ರತಿವರ್ಷ ಗಾಡಿ ಕಟ್ಟುತ್ತವೆ. ಅವುಗಳಿಗೆ ಚಾಸಿ ಬೆಸುಗೆ, ಲೇತ್ ಕೆಲಸ ಒದಗಿಸುವ ಅವಕಾಶ ಸ್ಥಳೀಯ ವರ್ಕ್‌ಶಾಪುಗಳಿಗಿದೆ. ಅಂತಹ ಗಾಡಿಗಳು ಓಡುವುದು ಆವರಣದೊಳಗಿನ ಪಥದಲ್ಲಿಯೇ.

ದೊಡ್ಡ ದಾರಿಯನ್ನು ತೋರಿಸಿದವರೂ ಕನ್ನಡ ನಾಡಿನಲ್ಲಿದ್ದಾರೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಸೌರ ಕಾರಿನ ತಂಡದಲ್ಲಿ ದುಡಿದ ಚೇತನ್ ಮೈನಿ ಅವರು ಬೆಂಗಳೂರಿನಲ್ಲಿ 'ರೇವಾ' ವಿದ್ಯುತ್ ಕಾರನ್ನು ರೂಪಿಸಿ, ಪರೀಕ್ಷೆಗಳನ್ನು ದಾಟಿಸಿ, 2001ರಲ್ಲಿ ಮಾರುಕಟ್ಟೆಗೆ ತಂದರು. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಅಲ್ಲಿ ಭಾಗ ಎಷ್ಟೇ ನಯವಾಗಿದ್ದರೂ ಅದರ ಲೋಹದ ಪ್ರಮಾಣಪತ್ರ, ಅಳತೆಯ ದಾಖಲೆ ಇಲ್ಲದಿದ್ದರೆ ಅದು ಗುಜರಿಗೆ ಸಮಾನ. ಕೈಚಳಕ ಮತ್ತು ಕಾಗದಪತ್ರ ಒಂದೇ ಬಂಡಿಯ ಎರಡು ಚಕ್ರಗಳೆಂಬುದನ್ನು ಕಲಿಯಲು ದೂರ ಹೋಗಬೇಕಿಲ್ಲ.

ಹವ್ಯಾಸಿ ತಯಾರಕರ ಒಂಟಿ ವಾಹನಗಳಿಗೆ ಕೈಗೆಟಕುವ ಶುಲ್ಕದ ತಪಾಸಣಾ ವರ್ಗವೊಂದನ್ನು ರೂಪಿಸುವಂತೆ ವಾಣಿಜ್ಯೋದ್ಯಮ ಸಂಸ್ಥೆಗಳು ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಮನವಿ ಸಲ್ಲಿಸುವುದು ಯೋಗ್ಯವಾದೀತು. ಅಂತಹ ವರ್ಗ ಬರುವವರೆಗೆ ಗಾಡಿ ಕಟ್ಟಲು ಹೊರಟವರು ಅದು ಎಲ್ಲಿ ಓಡಬೇಕೆಂಬುದನ್ನು ಮೊದಲು ನಿರ್ಧರಿಸಿ, ಅನಂತರ ಬೆಸುಗೆಯ ಕಿಡಿ ಹಚ್ಚುವುದು ಲೇಸು.