‘ಬೈ’ ಎಂಬ ಪುಟ್ಟ ಪದ

ಬೆಂಗಳೂರಿನ ಹೋಟೆಲಿನಲ್ಲಿ ‘ಬೈ ಟು ಕಾಫಿ’ ಎಂದರೆ ಒಂದು ಕಾಫಿ, ಎರಡು ಲೋಟ. ಅಲ್ಲಿ ‘ಬೈ’ ಭಾಗಿಸು ಎನ್ನುತ್ತದೆ. 30 ಬೈ 40 ಅಡಿ ನಿವೇಶನ ಎಂದಾಗ ಅದೇ ಪದ ಗುಣಿಸು ಎನ್ನುತ್ತದೆ: 1,200 ಚದರಡಿ.

ಇಂಗ್ಲಿಷಿನಲ್ಲಿ ಇದು ನಾಮಪದಕ್ಕಿಂತ ಮೊದಲು ಬರುತ್ತದೆ. ನಮ್ಮಲ್ಲಿ ಆ ಕೆಲಸ ಪದದ ಕೊನೆಯಲ್ಲಿ ನಡೆಯುತ್ತದೆ. ‘ಬೈ ಬಸ್’ ಎಂದರೆ ಬಸ್ಸಿನಲ್ಲಿ, ‘ಬೈ ಪೋಸ್ಟ್’ ಎಂದರೆ ಅಂಚೆಯ ಮೂಲಕ, ‘ಬೈ ದ ವೆಲ್’ ಎಂದರೆ ಬಾವಿಯ ಪಕ್ಕ. ಪುಸ್ತಕದ ಮೇಲೆ ‘ಬೈ ಕುವೆಂಪು’ ಎಂದಿದ್ದರೆ ಕುವೆಂಪು ಬರೆದದ್ದು.

ಎಚ್ಚರ ಬೇಕಾದದ್ದು ಅರ್ಜಿ ಕಾಗದಗಳಲ್ಲಿ. ‘ಬೈ ಮಾರ್ಚ್ 31’ ಎಂದರೆ ಆ ದಿನದೊಳಗೆ ಅರ್ಜಿ ತಲುಪಬೇಕು. ಏಪ್ರಿಲ್ 1 ಆದರೆ ತಡವಾಯಿತು. ‘ಟಿಲ್ ಮಾರ್ಚ್ 31’ ಎಂದರೆ ಕೆಲಸ ಅಂದಿನವರೆಗೂ ನಡೆಯುತ್ತಲೇ ಇರುತ್ತದೆ. ಕನ್ನಡದ ‘ಒಳಗೆ’, ‘ವರೆಗೆ’ ಈ ಭೇದವನ್ನು ಕಾಯುತ್ತವೆ. ತಮಿಳಿನ ‘ಉಳ್’, ‘ವರೈ’ ಕೂಡ ಹಾಗೆಯೇ. ಮರಾಠಿಯ ‘ಪರ್ಯಂತ’ ಎರಡಕ್ಕೂ ಸಲ್ಲುತ್ತದೆ. ಆದ್ದರಿಂದ ಸೊಲ್ಲಾಪುರ, ಜತ್ತದ ಬಂಧುಗಳೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ.

ಸಾಲದ ಪತ್ರದಲ್ಲೂ ಅಷ್ಟೇ. 10,000 ರೂಪಾಯಿ ಸಾಲ ‘ಬೈ 2,000’ ಇಳಿದರೆ ಇನ್ನೂ 8,000 ಕಟ್ಟಬೇಕು. ‘ಟು 2,000’ ಇಳಿದರೆ ಉಳಿದದ್ದು 2,000 ಮಾತ್ರ. ಸಹಿ ಹಾಕುವ ಮೊದಲು ಆ ಪುಟ್ಟ ಪದದ ಮೇಲೆ ಬೆರಳಿಟ್ಟು ಓದಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿ.